ಹನ್ನೊಂದು ಏಕನಾಥರು

ನಮ್ಮ ಊರಿನಲ್ಲಿ ಯಾರೇ ಆಗಲಿ, ಗುಳಿಗೆ ನುಂಗುವ ಮೊದಲು ತಮ್ಮ ಹೆಸರು ಹೇಳಬೇಕು. ಡಾಕ್ಟರರ ಚೀಟಿಯಲ್ಲಿರುವ ಹೆಸರೂ ಬಾಯಿಂದ ಬಂದ ಹೆಸರೂ ಒಂದೇ ಆಗಿದ್ದರೆ ಮಾತ್ರ ಔಷಧ ಹತ್ತುತ್ತದೆ. ಇಲ್ಲದಿದ್ದರೆ ಸುಣ್ಣದ ಚೂರು ನುಂಗಿದ ಹಾಗೆ. ಹೊಟ್ಟೆಗೆ ಹೋಗುತ್ತದೆ, ಕೆಲಸಕ್ಕೆ ಹೋಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಬೀದಿಯಲ್ಲಿ ನಡೆದರೆ ಪ್ರತಿ ಕಿಟಕಿಯಿಂದಲೂ ಒಬ್ಬೊಬ್ಬರು ತಮ್ಮನ್ನು ತಾವೇ ಪರಿಚಯ ಮಾಡಿಕೊಳ್ಳುವುದು ಕೇಳಿಸುತ್ತದೆ. ರಕ್ತದೊತ್ತಡದ ಮುದುಕರು ಉದ್ಯಾನದ ಕಲ್ಲುಬೆಂಚಿನ ಮೇಲೆ ಸಾಲಾಗಿ ಕುಳಿತು ಶಾಲೆಯ ಹಾಜರಿ ಕೊಟ್ಟಂತೆ ಕೊಟ್ಟು ನೀರು ಕುಡಿಯುತ್ತಾರೆ. ನಗರಸಭೆಯ ಹೆಡ್ ಕ್ಲಾರ್ಕ್ ತಮ್ಮ ಮನೆತನ, ಅಜ್ಜ, ಅಪ್ಪ ಎಲ್ಲರನ್ನೂ ಸೇರಿಸಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಗುಳಿಗೆ ನಾಲಗೆಯ ಮೇಲೇ ಕರಗಿ ಮುಖ ಕಿವುಚುತ್ತಾರೆ. ಆದರೂ ಒಂದಕ್ಷರ ಬಿಡಲೊಲ್ಲರು. ಮದುವೆಯಲ್ಲಿ ಹೆಸರು ಬದಲಾದ ಹೆಂಗಸರು ಎರಡೆರಡು ಚೀಟಿ ಬರೆಸಿಕೊಂಡು, ಅತ್ತೆಯ ಮುಂದೆ ಹೊಸ ಹೆಸರಿಗೊಂದು, ಒಳಗೆ ಹೋಗಿ ತವರಿನ ಹೆಸರಿಗೊಂದು ನುಂಗುತ್ತಾರೆ. ತಲೆನೋವು ಯಾವ ಹೆಸರಿಗೆ ಇಳಿಯಿತು ಎಂದು ಅವರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ನಾನು ಗುರುಪಾದ. ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿ ನನ್ನದು. ಚೀಟಿ ನೋಡಿ ಹೆಸರು ಕೂಗುತ್ತೇನೆ. ಆ ಹೆಸರಿನವರು ಮುಂದೆ ಬಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಅದನ್ನೇ ತಮ್ಮ ಬಾಯಿಂದ ಹೇಳುತ್ತಾರೆ. ಆಮೇಲೆ ಪೊಟ್ಟಣ ಕೊಡುತ್ತೇನೆ. ಮೂವತ್ತು ವರ್ಷ ಇದನ್ನು ತಪ್ಪಿಲ್ಲದೆ ಮಾಡಿದ್ದೇನೆ ಎಂದು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ಒಂದೇ ಒಂದು ದಿನ, ಅದೂ ನನ್ನ ಹಾಳು ಬಾಯಿಚಪಲಕ್ಕೆ, ಕಣ್ಣು ನೋಡದೆ ಕೊಟ್ಟುಬಿಟ್ಟೆ. ಆ ತಪ್ಪಿನಿಂದ ನನ್ನ ಮಗಳು ನನ್ನ ಮಗಳಾಗಿ ಉಳಿಯದೆ ಹೋಗುವುದರಲ್ಲಿದ್ದಳು. ಅದನ್ನೇ ಹೇಳುತ್ತೇನೆ. ನಗು ಬಂದ ಕಡೆ ನಗಿ. ನಾನೂ ಆಗ ನಗುತ್ತಲೇ ಇದ್ದೆ.

ಮಗಳ ಹೆಸರು ದಾನೇಶ್ವರಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಕೊನೆಯ ವರ್ಷ. ಮೊದಲ ವರ್ಷ ಇಡೀ ಕಾಲೇಜಿಗೇ ಮೊದಲು ಬಂದಳು. ಅವತ್ತಿನಿಂದ ನಾನು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ರ್ಯಾಂಕು ಚಾ ಕುಡದೈತೇನ?” “ರ್ಯಾಂಕು ಇನ್ನೂ ಎದ್ದಿಲ್ಲೇನ?” ಅಂಗಡಿಗೆ ಬಂದವರಿಗೂ ಹಾಗೇ ಪರಿಚಯ: “ಇದು ನಮ್ಮ ಮನಿ ರ್ಯಾಂಕು.” ಹೆಂಡತಿ ನೀಲವ್ವ ಅಂಗನವಾಡಿ ಟೀಚರು. ಮೂವತ್ತು ಮಕ್ಕಳನ್ನು ಹೆಸರು ಹಿಡಿದೇ ಗದರಿ, ಹೆಸರು ಹಿಡಿದೇ ಮುದ್ದಿಸಿ ಅವಳಿಗೆ ಅಭ್ಯಾಸ. “ಅಕಿಗೊಂದು ಹೆಸರು ಇಟ್ಟೇವಿ. ಅದೂ ನಿಮ್ಮ ಅವ್ವನ ಹೆಸರು,” ಎನ್ನುತ್ತಿದ್ದಳು. “ನಮ್ಮ ಅವ್ವ ಯಾವತ್ತೂ ಫಸ್ಟ್ ಬಂದಿರಲಿಲ್ಲ,” ಎಂದು ನಾನು ಜಾಣತನ ತೋರಿಸುತ್ತಿದ್ದೆ. ದಾನೇಶ್ವರಿ ನಗುತ್ತಿದ್ದಳು. ಎರಡನೆಯ ವರ್ಷ ಅವಳು ನಾಲ್ಕನೆಯವಳಾಗಿ ಬಂದಾಗಲೂ ನಾನು ರ್ಯಾಂಕು ಎಂದೇ ಕರೆದೆ. ಆಗ ಅವಳು ನಗಲಿಲ್ಲ ಎಂಬುದು ನನಗೆ ಈಗ ನೆನಪಾಗುತ್ತದೆ.

ಅವಳ ತರಗತಿಯಲ್ಲೇ ಏಕನಾಥ ಎಂಬ ಹುಡುಗನಿದ್ದ. ಅವನ ಮನಸ್ಸು ಒಂದು ಕಡೆ ನಿಂತದ್ದನ್ನು ಕಂಡವರಿಲ್ಲ. ಪಾಠದ ನಡುವೆ ಎದ್ದು ಕಿಟಕಿಗೆ ಹೋಗುವನು, ಬೆಂಚಿನ ಮೊಳೆ ಎಣಿಸುವನು, ಕೇಳಿದ ಪ್ರಶ್ನೆ ಬಿಟ್ಟು ಹೋದ ವಾರದ ಪ್ರಶ್ನೆಗೆ ಉತ್ತರ ಕೊಡುವನು. ಎರಡು ಸಲ ನಪಾಸಾಗಿದ್ದ. ಡಾಕ್ಟರ್ ಅನಸೂಯಾ ಅವನನ್ನು ಮೂರು ತಿಂಗಳು ಪರೀಕ್ಷೆ ಮಾಡಿ, ಅಂಥವರ ಮನಸ್ಸನ್ನು ಹಿಡಿದು ಕೂರಿಸುವ ಗುಳಿಗೆಯನ್ನು ಬರೆದುಕೊಟ್ಟರು. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು, ಹೆಚ್ಚಿಲ್ಲ. ಮರುವಾರ ಏಕನಾಥ ಎರಡು ಗಂಟೆ ಕದಲದೆ ಕುಳಿತು ಆಲದ ಬಿಳಲಿನ ಚಿತ್ರ ಬಿಡಿಸಿದ. ಪಾಪದ ಹುಡುಗ, ಸಂತೋಷ ತಡೆಯಲಾರದೆ ಎಲ್ಲರಿಗೂ ಗುಳಿಗೆ ತೋರಿಸಿದ. ಕಾಲೇಜಿನಲ್ಲಿ ಒಬ್ಬನ ಔಷಧ ಇನ್ನೊಬ್ಬರಿಗೆ ಹೇಗೆ ಕಾಣುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಬೇರೆಯವರ ಗುಳಿಗೆ ನುಂಗಬಾರದು ಎಂದು ನಮ್ಮ ಊರಿನಲ್ಲಿ ಕಾನೂನೇನೂ ಇಲ್ಲ. ನುಂಗಿದರೂ ಹತ್ತುವುದಿಲ್ಲವಲ್ಲ, ಅದಕ್ಕೇಕೆ ಕಾನೂನು? ತಲೆತಲಾಂತರದಿಂದ ಯಾರಿಗೂ ಹೊಳೆಯದ ಒಂದು ಉಪಾಯ ಈ ಜಾಣಮರಿಗಳಿಗೆ ಹೊಳೆಯಿತು. ಗುಳಿಗೆಗೆ ಬೇಕಾದದ್ದು ಏಕನಾಥ ಎಂಬ ಹೆಸರು ತಾನೆ? ಹೇಳಿಬಿಟ್ಟರಾಯಿತು. ಕ್ಯಾಂಟೀನಿನ ಹಿಂದೆ ಒಬ್ಬ ಮೊದಲು ಧೈರ್ಯ ಮಾಡಿ, “ನಾನು ಏಕನಾಥ,” ಎಂದು ನುಂಗಿದ. ಗುಳಿಗೆಗೇನು ಗೊತ್ತು, ಹೇಳಿದ್ದನ್ನು ನಂಬಿತು. ಅರ್ಧ ಗಂಟೆಯಲ್ಲಿ ಅವನು ಕಣ್ಣು ಅಗಲಿಸಿಕೊಂಡು ಇಡೀ ಅಧ್ಯಾಯ ಓದಿ ಮುಗಿಸಿದನಂತೆ. ವಾರದೊಳಗೆ ಹತ್ತು ಮಂದಿ ಆದರು. ಅದುವರೆಗೆ ಏಕನಾಥನನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಂಡವರಲ್ಲ. ಈಗ ಅವನಿಗಾಗಿ ಬೆಂಚಿನಲ್ಲಿ ಜಾಗ ಹಿಡಿದಿಡುವವರು, “ಏಕೂ ಬಾರೋ” ಎನ್ನುವವರು. ತಿಂಗಳಿಗೆಂದು ಕೊಟ್ಟ ಮೂವತ್ತು ಗುಳಿಗೆಯಲ್ಲಿ ಉಳಿದವೆಲ್ಲ ನಾಲ್ಕು ದಿನದಲ್ಲಿ ಹಂಚಿಹೋದವು. ಬೇಡ ಎಂದು ಹೇಳುವುದಕ್ಕೆ ಅವನಿಗೆ ಮನಸ್ಸಾಗಲಿಲ್ಲ, ಗೆಳೆಯರು ಅವನಿಗೆ ಅಷ್ಟು ಹೊಸಬರು.

ಗುಳಿಗೆಯ ಜೊತೆಗೆ ಏಕನಾಥನೂ ಚೂರು ಚೂರು ಒಳಗಿಳಿದ. ಅವನಿಗೆ ಎಡಗಿವಿ ಎಳೆದುಕೊಳ್ಳುವ ಅಭ್ಯಾಸ. ಹಿಂದಿನ ಎರಡು ಸಾಲೂ ಎಡಗಿವಿ ಎಳೆದುಕೊಳ್ಳತೊಡಗಿತು. ಅವನು ಉಪ್ಪಿಟ್ಟಿನೊಳಗಿನ ಬಟಾಣಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಾನೆ. ಕ್ಯಾಂಟೀನಿನವನು ತಟ್ಟೆ ತೊಳೆಯುವಾಗ ಬಟಾಣಿಯ ಹಾರಗಳನ್ನು ನೋಡಿ ಅಡುಗೆಯವನನ್ನು ಬೈದ. ಚಿಕ್ಕಂದಿನಲ್ಲಿ ಏಕನಾಥನಿಗೆ ಬಾತುಕೋಳಿ ಕಚ್ಚಿತ್ತಂತೆ. ಕಾಲೇಜಿನ ಕೊಳದಿಂದ ಒಂದು ಬಾತುಕೋಳಿ ಸುಮ್ಮನೆ ದಾರಿಗೆ ಬಂದದ್ದೇ ತಡ, ಮೀಸೆ ಬಂದ ಗಂಡಸರೂ ಎರಡು ಜಡೆಯ ಹುಡುಗಿಯರೂ ಸೇರಿ ಹತ್ತು ಮಂದಿ ಪುಸ್ತಕ ಬಿಸಾಡಿ ಓಡಿದರು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಅವರಲ್ಲಿ ನನ್ನ ಮಗಳೂ ಇದ್ದಳು ಎಂದು ಯಾರೋ ಹೇಳಿದರು. ನಾನು ನಂಬಲಿಲ್ಲ. ರ್ಯಾಂಕು ಬಾತುಕೋಳಿಗೆ ಹೆದರುವುದುಂಟೆ?

ನನ್ನ ತಪ್ಪು ನಡೆದದ್ದು ಆ ವಾರ. ಗುಳಿಗೆ ನೀರಿಗೆ ಬಿತ್ತು ಎಂದು ಏಕನಾಥ ಹೇಳಿದ್ದರಿಂದ ಡಾಕ್ಟರ್ ಅನಸೂಯಾ ಗೊಣಗುತ್ತ ಇನ್ನೊಂದು ಚೀಟಿ ಬರೆದಿದ್ದರು. ಸಂತೆಯ ದಿನ, ಅಂಗಡಿಯ ಮುಂದೆ ಜನವೋ ಜನ. ನಾನು “ಏಕನಾಥ” ಎಂದು ಕೂಗಿದೆ. ಕಾಲೇಜಿನ ಹುಡುಗರ ಗುಂಪಿನಲ್ಲಿ ನಾಲ್ಕು ಕೈ ಮೇಲೆದ್ದವು. “ಎಷ್ಟು ಮಂದಿ ಏಕನಾಥರಪ್ಪ ಈ ಊರಾಗ? ಬಾತುಕೋಳಿ ಕರಸ್ಲೇನು, ಅಸಲಿ ಯಾರಂತ ಗೊತ್ತಾಗ್ತೈತಿ,” ಎಂದೆ. ಎಲ್ಲರೂ ನಕ್ಕರು. ನನ್ನ ಮಾತಿಗೆ ಜನ ನಕ್ಕರೆ ನನಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಅದೇ ಗುಂಗಿನಲ್ಲಿ ಹತ್ತಿರವಿದ್ದ ಕೈಗೆ ಪೊಟ್ಟಣ ತುರುಕಿದೆ. ಅಸಲಿ ಏಕನಾಥ ಹಿಂದೆ ನಿಂತು ಕೈಯನ್ನು ಅರ್ಧ ಎತ್ತಿ ಇಳಿಸಿದ್ದನ್ನು ನೋಡಿದೆ. ನೋಡಿಯೂ ಮುಂದಿನ ಚೀಟಿ ಎತ್ತಿಕೊಂಡೆ.

ಮನೆಯಲ್ಲಿ ದಾನೇಶ್ವರಿ ಓದುತ್ತಿದ್ದಳು. ಎಂಥ ಓದು ಅಂತೀರಿ. ಊಟಕ್ಕೆ ಕರೆದರೆ ಕೇಳಿಸದು, ಹಾಸಿಗೆ ಮಡಿಸಿದ್ದು ಮಡಿಸಿದ ಹಾಗೇ ಇರುತ್ತಿತ್ತು. ಪಠ್ಯಪುಸ್ತಕದ ಕೊನೆಯ ಪದಸೂಚಿಯನ್ನು ಮೂರು ಬಣ್ಣದ ಪೆನ್ನಿನಲ್ಲಿ ಅಂದವಾಗಿ ನಕಲು ಮಾಡಿದ್ದಳು, ಪುಟ ಸಂಖ್ಯೆಗಳ ಸಮೇತ. ನಾನು ಅದನ್ನು ಅಂಗಡಿಗೆ ಒಯ್ದು ಗಿರಾಕಿಗಳಿಗೆ ತೋರಿಸಿದೆ. ನೀಲವ್ವ ಮಾತ್ರ ಬಾಗಿಲಲ್ಲಿ ನಿಂತು ಮಗಳನ್ನೇ ನೋಡುತ್ತಿದ್ದಳು. “ಅಕಿ ಕೈ ನಡಗಾಕತ್ತೈತಿ. ಎರಡು ದಿನದಿಂದ ಒಂದು ಅಗಳು ತಿಂದಿಲ್ಲ. ಕಿವಿ ಯಾಕ ಎಳಕೋತಾಳ?” ಎಂದಳು. “ಬುದ್ಧಿ ಜಾಸ್ತಿ ಆದವರಿಗೆ ಹಂಗ ಆಗತೈತಿ,” ಎಂದೆ. “ನಿಮಗ ಆಗಿಲ್ಲಲ್ಲ,” ಎಂದಳು ನೀಲವ್ವ. ಆಮೇಲೆ ಮೆಲ್ಲಗೆ, “ನಾನು ದಾನಿ ಅಂತ ಕರದ್ರ ಅಕಿ ತಿರುಗಿ ನೋಡವಲ್ಲಳು. ನನಗ ಅಂಜಿಕಿ ಬರಾಕತ್ತೈತಿ,” ಎಂದಳು. ನಾನು ಅವಳನ್ನೇ ಗೇಲಿ ಮಾಡಿದೆ.

ಪರೀಕ್ಷೆಯ ಮೊದಲ ದಿನ ಹನ್ನೊಂದು ಗಂಟೆಗೆ ಕಾಲೇಜಿನಿಂದ ಕರೆ ಬಂತು. ಓಡಿದೆ. ಮೇಲ್ವಿಚಾರಕರು ಬಾಗಿಲಲ್ಲೇ ತಲೆ ಮೇಲೆ ಕೈಹೊತ್ತು ನಿಂತಿದ್ದರು. ಅವರ ಇನ್ನೊಂದು ಕೈಯಲ್ಲಿ ಹನ್ನೊಂದು ಉತ್ತರಪತ್ರಿಕೆ; ಹನ್ನೊಂದರ ಮೇಲೂ ಹೆಸರು ಏಕನಾಥ. ಒಂದರಲ್ಲಿ ಪ್ರಶ್ನೆಪತ್ರಿಕೆಯನ್ನೇ ಪೂರ್ತಿ, ಮುದ್ರಣದ ತಪ್ಪು ಸಮೇತ, ಸುಂದರವಾಗಿ ಬರೆದಿಟ್ಟಿತ್ತು. ಒಂದರಲ್ಲಿ ಮೊದಲ ಪ್ರಶ್ನೆಗೇ ಇಪ್ಪತ್ತೆರಡು ಪುಟ. ಇನ್ನೊಂದು ಖಾಲಿ. ಖಾಲಿ ಹಾಳೆಯವನು ಅಸಲಿ. ಅವನು ಕಿಟಕಿಯ ಬಳಿ ನಿಂತು ಸರಳು ಎಣಿಸುತ್ತಿದ್ದ. ಪ್ರಶ್ನೆಪತ್ರಿಕೆ ನಕಲು ಮಾಡಿದವಳು ನನ್ನ ಮಗಳು. ಬೆಳಿಗ್ಗೆ ಒಂದಲ್ಲ, ಮೂರು ನುಂಗಿದ್ದಳು. ಬರೆಯುತ್ತ ಬರೆಯುತ್ತ ಎದೆ ಹಿಡಿದುಕೊಂಡು ನೆಲಕ್ಕೆ ಕುಸಿದಿದ್ದಳು.

ರಸ್ತೆ ದಾಟಿದರೆ ಡಾಕ್ಟರ್ ಅನಸೂಯಾ ಅವರ ಆಸ್ಪತ್ರೆ. ಎತ್ತಿಕೊಂಡು ಹೋದೆವು. ಮುಖ ಬೆವರಿ ತೊಪ್ಪೆಯಾಗಿತ್ತು, ಕುಪ್ಪಸದ ಮೇಲಿಂದಲೇ ಎದೆ ಹಾರುವುದು ಕಾಣುತ್ತಿತ್ತು. ಡಾಕ್ಟರರು ನಾಡಿ ಹಿಡಿದು ನನ್ನ ಕಡೆ ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. “ಆ ಹುಡುಗನ ಮನಸ್ಸಿಗೆ ಬೇಕಾದ ಔಷಧ, ಗುರುಪಾದ, ಅದು. ಬ್ಯಾಡಾದವರ ಎದಿಗೆ ಹೋದ್ರ ಚಾಟಿ ಹೊಡದಂಗ ಹೊಡಿತೈತಿ. ನೀ ಕಣ್ಣು ನೋಡಿ ಕೊಟ್ಟಿದ್ದೇನು?” ಎಂದರು. ಎದೆಬಡಿತ ಇಳಿಸುವ ಗುಳಿಗೆಗೆ ದಾನೇಶ್ವರಿ ಎಂದು ಚೀಟಿ ಬರೆದು, ಅವಳ ನಾಲಗೆಯ ಮೇಲೆ ಇಟ್ಟು, “ಹೆಸರು ಹೇಳವಾ,” ಎಂದರು. ಮಗಳು ಬಲು ವಿನಯದಿಂದ, “ನಾನು ಏಕನಾಥ,” ಎಂದಳು. ಗುಳಿಗೆ ಸುಣ್ಣವಾಗಿ ಹೋಯಿತು.

ಉಳಿದ ಒಂಬತ್ತು ಮಂದಿಯೂ ಹೊರಗೆ ಬೆಂಚಿನ ಮೇಲಿದ್ದರು. ಅವರು ತೊದಲಿ ತೊದಲಿ ಆದರೂ ತಮ್ಮ ಹೆಸರಿಗೆ ಮರಳಿದರು. ನನ್ನ ಮಗಳು ಎಲ್ಲದರಲ್ಲೂ ಮುಂದು, ಇದರಲ್ಲೂ ಮುಂದೆ ಹೋಗಿಬಿಟ್ಟಿದ್ದಳು. ನೀಲವ್ವ ಅಂಗನವಾಡಿಯಿಂದ ಬರಿಗಾಲಲ್ಲಿ ಓಡಿಬಂದು, “ದಾನಿ, ದಾನಿ,” ಎಂದು ಕೆನ್ನೆ ತಟ್ಟಿದಳು. ಮಗಳು ಬೇರೆ ಯಾರನ್ನೋ ಕರೆಯುತ್ತಿದ್ದಾರೆಂಬಂತೆ ಬಾಗಿಲ ಕಡೆ ನೋಡಿದಳು. ಡಾಕ್ಟರರು ನನ್ನನ್ನು ಪಕ್ಕಕ್ಕೆ ಕರೆದರು. “ಒಂದು ದಾರಿ ಐತಿ. ಏಕನಾಥ ಅಂತ ಚೀಟಿ ಬರದು ಕೊಟ್ಟರ ಈ ಗುಳಿಗಿ ಹತ್ತತೈತಿ, ಜೀವ ಉಳಿತೈತಿ. ಆದ್ರ ಆಮ್ಯಾಲ ಈಕಿ ದಾನೇಶ್ವರಿ ಆಗಿ ತಿರುಗಿ ಬರೂದಿಲ್ಲ. ನಿಮ್ಮ ಮನ್ಯಾಗ ಇರ್ತಾಳ, ನಿಮ್ಮ ಮಗಳಾಗಿ ಅಲ್ಲ. ಹತ್ತು ನಿಮಿಷ ಕಾಯತೇನಿ. ಅದಕ್ಕಿಂತ ಹೆಚ್ಚು ಆ ಎದಿ ತಡಿಯೂದಿಲ್ಲ.” ಗೋಡೆಗೆ ಒರಗಿದೆ.

ಆಗ ಏಕನಾಥ ಒಳಗೆ ಬಂದ. ಯಾರೂ ಕರೆದಿರಲಿಲ್ಲ. ಮಂಚದ ಬಳಿ ಮಂಡಿಯೂರಿ ಕುಳಿತ. ಒಂದು ಕಡೆ ನಿಲ್ಲದ ಅವನ ಕಣ್ಣು ಕಷ್ಟಪಟ್ಟು ಅವಳ ಮುಖದ ಮೇಲೆ ನಿಂತಿತು. “ನನ್ನ ಹೆಸರು ತಿರುಗಿ ಕೊಡು,” ಎಂದ. “ಎಂಟು ದಿನ ಆತು, ನಾ ಹೇಳಿ ನುಂಗಿದ್ರ ನನಗ ಹತ್ತವಲ್ತು. ನಿಮ್ಮೆಲ್ಲರ ಬಾಯಾಗ ಸವದು ಹೋಗೇತಿ. ನನಗ ಓದೂದು ಬರೂದಿಲ್ಲ ಅಂತಲ್ಲ, ಕುಂದ್ರೂದು ಬರೂದಿಲ್ಲ. ಆ ಗುಳಿಗಿ ಒಂದ ಇತ್ತು ನನಗ. ನಾನ ಕೊಟ್ಟೆ, ನೀವು ಗೆಳ್ಯಾರು ಅಂತ. ತಪ್ಪಾತು. ಈಗ ಕೊಡು.” ನನ್ನ ಮಗಳು ಅವನನ್ನು ಬಹಳ ಹೊತ್ತು ನೋಡಿದಳು. ಕಣ್ಣಿಂದ ನೀರು ಇಳಿಯಿತು. “ತಗೋ,” ಎಂದಳು. “ನಂದಲ್ಲ ಅದು.” ಏಕನಾಥ ತಲೆ ಬಗ್ಗಿಸಿ ಎದ್ದುಹೋದ.

ಡಾಕ್ಟರರು ಮತ್ತೆ ಗುಳಿಗೆ ಇಟ್ಟು, “ಹೆಸರು?” ಎಂದರು. ಅವಳು ಬಾಯಿ ತೆರೆದಳು, ಮುಚ್ಚಿದಳು. ಏಕನಾಥ ಹೋಗಿದ್ದ, ದಾನೇಶ್ವರಿ ಬಂದಿರಲಿಲ್ಲ. ಮಾತು ಬಾರದ ಹಸುಗೂಸಿಗೆ ನಮ್ಮಲ್ಲಿ ಹೆತ್ತವರು ಗದ್ದ ಹಿಡಿದು ಹೆಸರು ಹೇಳಿ ಔಷಧ ಹಾಕುತ್ತಾರೆ. ಇಪ್ಪತ್ತು ವರ್ಷದವಳಿಗೆ ಯಾರೂ ಹಾಗೆ ಮಾಡಿದ್ದಿಲ್ಲ, ಆದರೆ ಮಾಡಬಾರದು ಎಂದೂ ಇಲ್ಲ. ನಾನು ಮುಂದೆ ನುಗ್ಗಿ ಗದ್ದ ಹಿಡಿದು, ಗಂಟಲು ಹರಿಯುವ ಹಾಗೆ, “ಈಕಿ ದಾನೇಶ್ವರಿ,” ಎಂದೆ. ಅವಳು ನುಂಗಿದಳು. ಡಾಕ್ಟರರು ನಾಡಿ ಹಿಡಿದು ಗಡಿಯಾರ ನೋಡಿದರು. ಏನೂ ಆಗಲಿಲ್ಲ. “ಯಾಕ?” ಎಂದೆ. ಡಾಕ್ಟರರು ನನ್ನ ಮುಖ ನೋಡದೆ, “ಹೇಳೂವ್ರ ಬಾಯಾಗ ಆ ಹೆಸರು ದಿನಾ ಆಡಿರಬೇಕಪ್ಪಾ,” ಎಂದರು. ಎರಡು ವರ್ಷದಿಂದ ನನ್ನ ಬಾಯಲ್ಲಿ ಆಡಿದ್ದು ಯಾವ ಹೆಸರು ಎಂದು ಅವರಿಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಅಷ್ಟು ನಾಚಿಕೆ, ಅಷ್ಟು ದುಃಖ ನನಗೆ ಹಿಂದೆಂದೂ ಆಗಿರಲಿಲ್ಲ.

ನೀಲವ್ವ ನನ್ನನ್ನು ಮೊಣಕೈಯಿಂದ ಸರಿಸಿದಳು. ಇನ್ನೊಂದು ಗುಳಿಗೆ ಕೈಗೆ ತೆಗೆದುಕೊಂಡಳು. ಕೂಗಲಿಲ್ಲ. ಅಂಗನವಾಡಿಯಲ್ಲಿ ಹಟ ಮಾಡುವ ಮಗುವಿಗೆ ಹೇಳುವ ಹಾಗೆ, “ದಾನಿ, ಬಾಯಿ ತಗಿ. ನಾಟಕ ಸಾಕು. ದಾನೇಶ್ವರಿ, ನುಂಗವಾ,” ಎಂದಳು. ನುಂಗಿದಳು. ಡಾಕ್ಟರರ ಬೆರಳು ಅವಳ ಮಣಿಕಟ್ಟಿನ ಮೇಲೆ. ಒಂದು ನಿಮಿಷ, ಎರಡು ನಿಮಿಷ. ಹಾರುತ್ತಿದ್ದ ಎದೆ ಒಂದೊಂದೇ ಮೆಟ್ಟಿಲು ಇಳಿದು ಬಂತು. ಮಗಳು ಕಣ್ಣು ಮುಚ್ಚಿ, “ಅವ್ವಾ, ಹಸಿವಿ ಆಗೈತಿ,” ಎಂದಳು. ನೀಲವ್ವ ಆಗ ಅತ್ತಳು. ನಾನು ಹೊರಗೆ ಬಂದು ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಅತ್ತೆ.

ಆಮೇಲಿನದು ಹೆಚ್ಚಿಲ್ಲ. ಡಾಕ್ಟರ್ ಅನಸೂಯಾ ಆ ಹತ್ತು ಮಂದಿಯನ್ನೂ ದಿನಾ ಬೆಳಿಗ್ಗೆ ಏಕನಾಥನ ಮನೆಯ ಅಂಗಳಕ್ಕೆ ಕಳಿಸಿ, ಅವನ ಮುಂದೆ ತಂತಮ್ಮ ಹೆಸರು ಹೇಳಿಸಿದರು. ಇಪ್ಪತ್ತೊಂದು ದಿನವಾದ ಮೇಲೆ ಅವನ ಗುಳಿಗೆ ಅವನಿಗೆ ಮತ್ತೆ ಹತ್ತಿತು. ಮರುಪರೀಕ್ಷೆಯಲ್ಲಿ ಪಾಸಾದ, ಜಸ್ಟ್ ಪಾಸ್. ಅವರ ಮನೆಯವರು ಬೀದಿಗೆಲ್ಲ ಪೇಡೆ ಹಂಚಿದರು. ಅಂಗಳಕ್ಕೆ ಬರುತ್ತಿದ್ದವರಲ್ಲಿ ಇಬ್ಬರು ಇಪ್ಪತ್ತೊಂದು ದಿನ ಮುಗಿದ ಮೇಲೂ ಬರುತ್ತಾರೆ, ಗುಳಿಗೆ ಕೇಳುವುದಿಲ್ಲ. ದಾನೇಶ್ವರಿ ಮುಂದಿನ ವರ್ಷ ಬರೆಯುತ್ತೇನೆ ಎಂದಳು. ಈಗ ನಿಧಾನವಾಗಿ ಓದುತ್ತಾಳೆ, ಓದಿದ್ದನ್ನು ಮರೆಯುತ್ತಾಳೆ, ಮತ್ತೆ ಓದುತ್ತಾಳೆ. ನಾನು ಅಂಗಡಿಯಲ್ಲಿ ಪ್ರತಿಯೊಬ್ಬರ ಕಣ್ಣನ್ನೂ ಎಷ್ಟು ಹೊತ್ತು ನೋಡುತ್ತೇನೆಂದರೆ ಕೆಲವು ಹೆಂಗಸರು ನೀಲವ್ವನಿಗೆ ದೂರು ಕೊಟ್ಟಿದ್ದಾರೆ.

ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವುದನ್ನು ಕಲಿಯುತ್ತಿದ್ದೇನೆ. ಮೊದಮೊದಲು ನಾಲಗೆ ತಡವರಿಸುತ್ತಿತ್ತು. ಕೆಲಸವಿಲ್ಲದಿದ್ದರೂ ಕರೆಯುತ್ತೇನೆ. “ದಾನೇಶ್ವರಿ.” “ಏನಪ್ಪ?” “ಏನಿಲ್ಲ.” ದಿನಕ್ಕೆ ಹತ್ತು ಸಲ ಇದೇ ಆದರೆ ಯಾರಿಗಾದರೂ ಬೇಸರ ಬರುತ್ತದೆ, ಅವಳಿಗೂ ಬರುತ್ತದೆ.

ಹೋದ ವಾರ ಅವಳಿಗೆ ಸಣ್ಣ ಜ್ವರ ಬಂತು. ಮಧ್ಯಾಹ್ನ, ನೀಲವ್ವ ಅಂಗನವಾಡಿಯಲ್ಲಿದ್ದಳು. ನಾನು ಗುಳಿಗೆ, ನೀರು ತಂದು ಮುಂದೆ ಹಿಡಿದೆ. ಅವಳು ಹೆಸರು ಹೇಳಲಿಲ್ಲ. ಬಾಯಿ ಬಿಗಿಹಿಡಿದು ಗದ್ದ ಮುಂದೆ ಚಾಚಿದಳು. “ಹೇಳವಾ,” ಎಂದೆ. ತಲೆಯಾಡಿಸಿ, “ನೀನ ಹೇಳು,” ಎಂದಳು. ಗದ್ದ ಹಿಡಿದೆ, ಮೆಲ್ಲಗೆ ಹೇಳಿದೆ, ನುಂಗಿದಳು. ಇಬ್ಬರೂ ಎದುರುಬದುರು ಕುಳಿತು ಅರ್ಧ ಗಂಟೆ ಕಾದೆವು. ನನ್ನ ಆಯುಷ್ಯದಲ್ಲಿ ಅಂಥ ಪರೀಕ್ಷೆ ನಾನು ಬರೆದಿಲ್ಲ. ಆಮೇಲೆ ಅವಳೇ ಥರ್ಮಾಮೀಟರ್ ಬಾಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದಳು.

“ಅರ್ಧಾ ಇಳದೈತಿ,” ಎಂದಳು.

“ಅರ್ಧನಾ?”

“ಅರ್ಧ. ಪಾಸ್ ಆದಿ ಬಿಡಪ್ಪಾ,” ಎಂದು ನಕ್ಕು, ಹೊದಿಕೆ ಎಳೆದುಕೊಂಡು ಮಲಗಿದಳು.